ಅಗ್ಗದ ವಿದ್ಯುತ್ತು ನಾವು ಹೇಳಿದ ದಾರಿ ಹಿಡಿಯುವುದಿಲ್ಲ: ಆಪ್ಟಿಮಲ್ ಪವರ್ ಫ್ಲೋ ಟಿಪ್ಪಣಿ

ಜನರೇಟರ್‌ಗಳಿಗೆ ಹೊರೆ ಹಂಚುವುದನ್ನು ನಾವು ಮೊದಲು ಕಲಿಯುವುದು ನಡುವೆ ಲೈನ್‌ಗಳೇ ಇಲ್ಲವೆಂಬ ಲೆಕ್ಕದಲ್ಲಿ. ಅಲ್ಲಿನ ನಿಯಮ ಸರಳ: ತನ್ನ ಮಿತಿ ಮುಟ್ಟದ ಪ್ರತಿಯೊಂದು ಜನರೇಟರ್‌ನಲ್ಲೂ ಇನ್ನೊಂದು ಮೆಗಾವ್ಯಾಟ್‌ಗೆ ತಗಲುವ ಹೆಚ್ಚುವರಿ ವೆಚ್ಚ ಸಮನಾಗಬೇಕು. ಇದು ಎಕನಾಮಿಕ್ ಡಿಸ್ಪ್ಯಾಚ್. ಲೈನ್‌ಗಳ ಮಿತಿ, ವೋಲ್ಟೇಜ್ ಮಿತಿ, ಹರಿವಿನ ಸಮೀಕರಣ ಇವೆಲ್ಲ ಸೇರಿದರೆ ಅದೇ ಆಪ್ಟಿಮಲ್ ಪವರ್ ಫ್ಲೋ, ಅಂದರೆ ಒಪಿಎಫ್. ಫ್ರಾನ್ಸಿನ ಜಾಕ್ ಕಾರ್ಪಂಟಿಯೆ 1962ರಲ್ಲಿ ಇದಕ್ಕೆ ಗಣಿತರೂಪ ಕೊಟ್ಟರು.

ವ್ಯತ್ಯಾಸ ಮನಸ್ಸಿಗೆ ಇಳಿಯಲು ಮೂರು ಬಸ್‌ಗಳ ಒಂದು ಜಾಲ ಸಾಕು. ಬಸ್ ಎಂದರೆ ಲೈನ್, ಜನರೇಟರ್, ಲೋಡ್‌ಗಳು ಕೂಡುವ ಬಿಂದು. ಪೆನ್ನು ಹಿಡಿದು ಜೊತೆಗೇ ಮಾಡಿ. ಬಸ್ 1ರ ಜನರೇಟರ್‌ಗೆ ಮೆಗಾವ್ಯಾಟ್-ಗಂಟೆಗೆ 20 ವೆಚ್ಚ, ಬಸ್ 2ರದಕ್ಕೆ 50. ಎರಡೂ ತಲಾ 300 ಮೆಗಾವ್ಯಾಟ್ ಕೊಡಬಲ್ಲವು. ಬಸ್ 3ರಲ್ಲಿ 300 ಮೆಗಾವ್ಯಾಟ್ ಲೋಡ್, ಅಂದರೆ ಬೇಡಿಕೆ. 1–2, 2–3, 1–3 ಈ ಮೂರು ಲೈನ್‌ಗಳ ರಿಯಾಕ್ಟೆನ್ಸ್ (ಎಸಿ ಹರಿವಿಗೆ ಲೈನ್ ಒಡ್ಡುವ ತಡೆ) ಒಂದೇ, ನಷ್ಟ ಇಲ್ಲವೆಂದುಕೊಳ್ಳಿ. 1–3 ಲೈನ್‌ಗೆ ಮಾತ್ರ 160 ಮೆಗಾವ್ಯಾಟ್ ಮಿತಿ.

ಬಸ್ 1ರಿಂದ ಬಸ್ 3ಕ್ಕೆ ನೇರ ದಾರಿಗಿಂತ ಸುತ್ತುದಾರಿಯ ರಿಯಾಕ್ಟೆನ್ಸ್ ಎರಡರಷ್ಟು. ಹಾಗಾಗಿ ಮೂರರಲ್ಲಿ ಎರಡು ಪಾಲು ನೇರವಾಗಿ, ಒಂದು ಪಾಲು ಬಸ್ 2ರ ಮೂಲಕ ಹೋಗುತ್ತದೆ. 300ನ್ನೂ ಅಗ್ಗದ ಜನರೇಟರ್‌ನಿಂದಲೇ ಪಡೆದರೆ 1–3ರಲ್ಲಿ 200 ಹರಿದು ಮಿತಿ ಮೀರುತ್ತದೆ. ಸುತ್ತುದಾರಿಯಲ್ಲಿ ಜಾಗವಿದ್ದರೂ ಪಾಲನ್ನು ನಿರ್ಧರಿಸುವುದು ಕಿರ್ಚಾಫ್ ನಿಯಮ, ನಮ್ಮ ಇಚ್ಛೆಯಲ್ಲ. ಬಸ್ 2ರ ವಿದ್ಯುತ್ತಿನಲ್ಲೂ ಮೂರನೇ ಒಂದು ಪಾಲು 1–3ರಲ್ಲೇ ಬರುತ್ತದೆ. ಹೀಗಾಗಿ ಎರಡು ಸಮೀಕರಣ:

P1 + P2 = 300
(2/3)P1 + (1/3)P2 = 160

ಉತ್ತರ P1 = 180, P2 = 120. ಗಂಟೆಯ ವೆಚ್ಚ 6,000ದಿಂದ 9,600ಕ್ಕೆ ಏರಿತು.

ಈಗ ನಿಧಾನವಾಗಿ ನೋಡಬೇಕಾದ ಭಾಗ. ಲೋಡ್ 301 ಆದರೆ? ಅದೇ ಸಮೀಕರಣಗಳಿಂದ P1 = 179, P2 = 122. ವೆಚ್ಚ 80 ಹೆಚ್ಚಾಗುತ್ತದೆ. ಎರಡು ಜನರೇಟರ್‌ಗಳಲ್ಲಿ ಯಾವುದರ ದರವೂ 80 ಇಲ್ಲ. ಒಂದು ಮೆಗಾವ್ಯಾಟ್ ಹೆಚ್ಚು ಕೊಡಲು ಅಗ್ಗದ್ದನ್ನು ಇಳಿಸಿ ದುಬಾರಿಯದನ್ನು ಎರಡು ಮೆಗಾವ್ಯಾಟ್ ಏರಿಸಬೇಕಾಯಿತು. ಬಸ್ 3ರ ಸ್ಥಳೀಯ ಬೆಲೆ ಇದೇ 80. ಲೈನ್ ಮಿತಿಯನ್ನು 161 ಮಾಡಿದರೆ P1 = 183, P2 = 117; ಗಂಟೆಗೆ 90 ಉಳಿತಾಯ. ಈ 90 ಆ ಮಿತಿಯ ಲಗ್ರಾಂಜ್ ಗುಣಕ, ಅಂದರೆ ಮಿತಿಯನ್ನು ಒಂದು ಮೆಗಾವ್ಯಾಟ್ ಸಡಿಲಿಸಿದರೆ ಆಗುವ ಉಳಿತಾಯ. ಯಾವ ಲೈನ್ ಬಲಪಡಿಸಿದರೆ ಲಾಭ ಎಂಬುದಕ್ಕೆ ಇದಕ್ಕಿಂತ ನೇರ ಸೂಚನೆ ಬೇರೆ ಸಿಗದು.

ಆದರೆ ಈ ಜಾಲ ಅಗ್ಗವಾಗಿದ್ದರೂ ನಂಬಲರ್ಹವಲ್ಲ. 2–3 ಲೈನ್ ಟ್ರಿಪ್ ಆದರೆ, ಅಂದರೆ ಜಾಲದಿಂದ ತಾನಾಗಿ ಕಡಿದುಕೊಂಡರೆ, 300ಕ್ಕೆ 300ನ್ನೂ 1–3 ಹೊರಬೇಕು. P1, P2 ಹೇಗೆ ಬದಲಿಸಿದರೂ ಈ ಅಂಕಿ ಬದಲಾಗದು. ಬಸ್ 3ರಲ್ಲೇ ಕನಿಷ್ಠ 140 ಮೆಗಾವ್ಯಾಟ್ ಉತ್ಪಾದನೆ ಇರಬೇಕು, ಇಲ್ಲವೇ ಟ್ರಿಪ್ ಆದ ಕೂಡಲೇ ಅಷ್ಟು ಲೋಡ್ ಕಡಿತಗೊಳಿಸುವ ವ್ಯವಸ್ಥೆ ಇರಬೇಕು, ಅಥವಾ ಹೊಸ ಲೈನ್ ಹಾಕಬೇಕು. ಯಾವುದಾದರೂ ಒಂದು ಭಾಗ ಕೈಕೊಟ್ಟರೂ ಉಳಿದವು ಮಿತಿಯೊಳಗಿರಬೇಕೆಂಬ ಈ ನಿಯಮಕ್ಕೆ ಎನ್-1 ಎನ್ನುತ್ತಾರೆ. 2003ರ ಆಗಸ್ಟ್ 14ರಂದು ಅಮೆರಿಕದ ಒಹಾಯೊದಲ್ಲಿ ಜೋತುಬಿದ್ದ ಲೈನ್‌ಗಳು ಮರಗಳಿಗೆ ತಾಗಿ ಒಂದೊಂದಾಗಿ ಟ್ರಿಪ್ ಆದವು. ಒಂದರ ಹೊರೆ ಮತ್ತೊಂದರ ಮೇಲೆ ಬಿದ್ದು ಕೊನೆಗೆ ಸುಮಾರು 5 ಕೋಟಿ ಜನ ಕತ್ತಲೆಯಲ್ಲಿ ಉಳಿದರು.

ಮೇಲಿನ ಲೆಕ್ಕವೆಲ್ಲ ಡಿಸಿ ಅಂದಾಜು, ಅಂದರೆ ಎಸಿ ಹರಿವಿನ ಸರಳಗೊಳಿಸಿದ ರೂಪ: ವೋಲ್ಟೇಜ್ ಎಲ್ಲೆಡೆ 1 ಪರ್ ಯೂನಿಟ್ (ನಿಗದಿತ ಮಟ್ಟದಷ್ಟೇ), ಲೈನ್‌ನ ರೆಸಿಸ್ಟೆನ್ಸ್ ನಗಣ್ಯ, ಬಸ್‌ಗಳ ವೋಲ್ಟೇಜ್ ನಡುವಿನ ಕೋನ ವ್ಯತ್ಯಾಸ ಚಿಕ್ಕದು, ಹಾಗಾಗಿ ಕೋನದ ಸೈನ್ ಬದಲು ಕೋನವನ್ನೇ ಬಳಸುತ್ತೇವೆ. 30 ಡಿಗ್ರಿಯಲ್ಲಿ ಸೈನ್ 0.5, ರೇಡಿಯನ್ ಬೆಲೆ 0.524, ಸುಮಾರು 5 ಪ್ರತಿಶತ ತಪ್ಪು, ಸಹಿಸಬಹುದು. ಸಹಿಸಲಾಗದ್ದು ರಿಯಾಕ್ಟಿವ್ ಪವರ್ (ಕೆಲಸ ಮಾಡದಿದ್ದರೂ ವೋಲ್ಟೇಜ್ ಹಿಡಿದಿಡಲು ಬೇಕಾದ ಪವರ್) ಪೂರ್ತಿ ಮರೆಯಾಗುವುದು. ಡಿಸಿಯಲ್ಲಿ ಸರಿಯೆನಿಸಿದ ಹಂಚಿಕೆಗೆ ಎಸಿ ಲೆಕ್ಕ ಮಾಡಿದಾಗ ದೂರದ ಬಸ್‌ನ ವೋಲ್ಟೇಜ್ 0.95ಕ್ಕಿಂತ ಕೆಳಗಿಳಿದಿರಬಹುದು. ಆದ್ದರಿಂದ ಡಿಸಿ ಉತ್ತರವನ್ನು ಎಸಿ ಪವರ್ ಫ್ಲೋದಲ್ಲಿ ಪರೀಕ್ಷಿಸದೆ ಒಪ್ಪಬೇಡಿ. ಎಸಿ ಒಪಿಎಫ್ ನಾನ್-ಕಾನ್ವೆಕ್ಸ್, ಅಂದರೆ ಅದರಲ್ಲಿ ಹಲವು ತಗ್ಗುಗಳಿರಬಹುದು. ಸಿಕ್ಕ ಉತ್ತರ ಆ ಆಸುಪಾಸಿನಲ್ಲಷ್ಟೇ ಕನಿಷ್ಠವಾಗಿರಬಹುದು. ಕಾನ್ವೆಕ್ಸ್ ರಿಲ್ಯಾಕ್ಸೇಶನ್ (ನಿಬಂಧನೆಗಳನ್ನು ಸಡಿಲಿಸಿ ಒಂದೇ ತಗ್ಗು ಇರುವಂತೆ ಮಾಡಿದ ರೂಪ) ಕೊಡುವ ಕೆಳಮಿತಿಯೊಂದಿಗೆ ಹೋಲಿಸಿದರೆ ಎಷ್ಟು ಅಂತರ ಉಳಿದಿದೆ ಎಂದು ತಿಳಿಯುತ್ತದೆ.

ಸಾಲ್ವರ್ (ಇದನ್ನು ಬಿಡಿಸುವ ತಂತ್ರಾಂಶ) ಉತ್ತರವಿಲ್ಲ ಎಂದರೆ ಮೊದಲು ದತ್ತಾಂಶ ನೋಡಿ. ಕೋನದ ಮಿತಿ 30 ಎಂದು ಡಿಗ್ರಿಯಲ್ಲಿ ಬರೆದು ಸಮೀಕರಣ ರೇಡಿಯನ್‌ನಲ್ಲಿದ್ದರೆ ಆ ಮಿತಿ ಯಾವತ್ತೂ ಕೆಲಸ ಮಾಡದು. ಇದು ಸದ್ದಿಲ್ಲದ ತಪ್ಪು, ಸಾಲ್ವರ್ ದೂರದೆ ಉತ್ತರ ಕೊಟ್ಟುಬಿಡುತ್ತದೆ; ಉತ್ತರ ಬಂದಾಗಲೂ ಇದನ್ನು ನೋಡಿ. ಕೆಲವು ಕಡತಗಳಲ್ಲಿ ಲೈನ್ ಮಿತಿ 0 ಅಂದರೆ ಮಿತಿಯಿಲ್ಲ ಎಂದರ್ಥ, ಅದನ್ನು ನಿಜವಾದ ಸೊನ್ನೆಯೆಂದು ಓದಿದರೆ ಸಮಸ್ಯೆ ಬಿಡಿಸಲಾಗದಂತಾಗುತ್ತದೆ. ದತ್ತಾಂಶ ಸರಿಯಿದ್ದರೆ ಪ್ರತಿ ಬಸ್‌ಗೆ ಲೋಡ್ ಕಡಿತದ ಚರವೊಂದನ್ನು ಸೇರಿಸಿ, ಮೆಗಾವ್ಯಾಟ್-ಗಂಟೆಗೆ 10,000ದಷ್ಟು ದಂಡ ಹಾಕಿ ಮತ್ತೆ ಓಡಿಸಿ. ನಮ್ಮ ಉದಾಹರಣೆಯಲ್ಲಿ 1–3ರ ಮಿತಿಯನ್ನು 90ಕ್ಕೆ ಇಳಿಸಿ ನೋಡಿ: ಪೂರ್ತಿ ಬಸ್ 2ರಿಂದ ತಂದರೂ 1–3ರಲ್ಲಿ 100 ಹರಿಯುತ್ತದೆ, ಆದ್ದರಿಂದ ಮೊದಲಿನ ರೂಪದಲ್ಲಿ ಉತ್ತರವಿಲ್ಲ. ಕಡಿತದ ಚರ ಸೇರಿಸಿದರೆ P2 = 270, ಬಸ್ 3ರಲ್ಲಿ 30 ಮೆಗಾವ್ಯಾಟ್ ಕಡಿತ ಎಂದು ಕೊರತೆಯ ಜಾಗವೂ ಪ್ರಮಾಣವೂ ಒಟ್ಟಿಗೇ ಕಾಣುತ್ತವೆ.