ಆರ್ಚಿ ಯಾವಾಗ ಬೈಬಲ್ ಹಿಡಿದ?

ಪ್ರಶ್ನೆ: ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಆರ್ಚಿ ಕಾಮಿಕ್ (ಅಮೆರಿಕದ ಆ ತರಲೆ ಹೈಸ್ಕೂಲ್ ಹುಡುಗನ ಕಥೆ) ಸಿಕ್ಕಿತು. ಅದರಲ್ಲಿ ಆರ್ಚಿ, ಅವನ ಗೆಳತಿ ಬೆಟ್ಟಿ ಎಲ್ಲರೂ ಯೇಸುವಿನ ಬಗ್ಗೆ ಮಾತಾಡುತ್ತಾರೆ. ಚಿಕ್ಕವಳಿದ್ದಾಗ ನಾನು ಓದಿದ ಆರ್ಚಿ ಕ್ರಿಸ್‌ಮಸ್ ಕಥೆಗಳಲ್ಲಿ ಸಾಂಟಾ ಬಿಟ್ಟರೆ ಬೇರೆ ದೇವರೇ ಇರಲಿಲ್ಲ! ಇದೇನು ನಕಲಿ ಪುಸ್ತಕವಾ?

ನಕಲಿ ಅಲ್ಲ. ಮುಖಪುಟದಲ್ಲಿ 'ಸ್ಪೈರ್' ಅನ್ನೋ ಹೆಸರು ಇದೆಯಾ ನೋಡಿ. ಇದ್ದರೆ ಅದು ಆರ್ಚಿ ಕಂಪನಿಯ ಅನುಮತಿ ಪಡೆದೇ ಅಚ್ಚಾದದ್ದು. ಅದಕ್ಕಿಂತ ತಮಾಷೆ ಏನೆಂದರೆ, ಮಾಮೂಲಿ ಆರ್ಚಿ ಬರೆಯುತ್ತಿದ್ದ ಕಲಾವಿದನೇ ಅದನ್ನೂ ಬರೆದ.

ನೀವು ನೆನಪಿಟ್ಟುಕೊಂಡಿರೋದೂ ಸರಿಯೇ. ಆರ್ಚಿ ಹುಟ್ಟಿದ್ದು 1941ರ ಡಿಸೆಂಬರ್ ಸಂಚಿಕೆಯಲ್ಲಿ. 1954ರಿಂದ ಕ್ರಿಸ್‌ಮಸ್‌ಗೆಂದೇ ದಪ್ಪ ವಿಶೇಷ ಸಂಚಿಕೆ ಬರತೊಡಗಿತು. ನಮ್ಮ ದೀಪಾವಳಿ ವಿಶೇಷಾಂಕದ ಹಾಗೆ ಅಂದುಕೊಳ್ಳಿ. ಅದರಲ್ಲಿ ಹಬ್ಬ ಅಂದರೆ ಹಿಮ, ಗಿಫ್ಟು, ಖಾಲಿ ಜೇಬು, ಆರ್ಚಿಗಾಗಿ ಜಗಳವಾಡುವ ಇಬ್ಬರು ಹುಡುಗಿಯರು. ಜೊತೆಗೆ ಜಿಂಗಲ್ಸ್ ಅಂತ ಒಬ್ಬ ಪುಟಾಣಿ, ಸಾಂಟಾ ಕಡೆಯವನು. ಹುಡುಗರ ಕಣ್ಣಿಗೆ ಕಾಣಿಸುತ್ತಾನೆ, ದೊಡ್ಡವರಿಗೆ ಕಾಣಿಸಲ್ಲ. ಆರ್ಚಿ ಗಾಳಿ ಜೊತೆ ಹರಟೆ ಹೊಡೀತಿದ್ದಾನೆ ಅಂತ ದೊಡ್ಡವರು ತಲೆ ಕೆಡಿಸಿಕೊಳ್ಳೋದೇ ಅಲ್ಲಿನ ಜೋಕು.

ಬೇಸಿಗೆ ರಜೆಯಲ್ಲಿ, ಫ್ಯಾನಿನ ಕೆಳಗೆ ಬೆವರುತ್ತಾ, ಲೈಬ್ರರಿಯಿಂದ ಬಾಡಿಗೆಗೆ ತಂದ ಡೈಜೆಸ್ಟ್‌ನಲ್ಲಿ ಈ ಹಿಮದ ಕಥೆಗಳನ್ನು ಓದಿದವರು ನಾವು. ಗೋದಲಿ, ಕುರುಬರು, ಮಗು ಯೇಸು ಇದ್ದ ಪುಟ ಒಂದೂ ನೆನಪಿಲ್ಲ. ಹಬ್ಬದ ನೀತಿ ಇರುತ್ತಿತ್ತು: ಇಲ್ಲದವರಿಗೆ ಕೊಡು, ಜಗಳ ಬಿಡು. ಆದರೆ ಹಬ್ಬ ಯಾರದ್ದು ಅನ್ನೋ ಮಾತಿಲ್ಲ.

ಯಾಕೆ? ಒಂದು ಕಾರಣ ವ್ಯಾಪಾರ. ಎಲ್ಲ ಮನೆಯ ಮಕ್ಕಳೂ ಕೊಳ್ಳಬೇಕು. ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಗೋಲ್ಡ್‌ವಾಟರ್ ಸ್ವತಃ ಯಹೂದಿ. 1954ರಲ್ಲಿ ಅಮೆರಿಕದ ಕಾಮಿಕ್ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ನಿಯಮಾವಳಿಯ ಹಿಂದೆಯೂ ಅವರಿದ್ದರು. ಯಾವ ಧರ್ಮವನ್ನೂ ಗೇಲಿ ಮಾಡುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಪುಟಕ್ಕೊಬ್ಬರು ಜಾರಿ ಬೀಳುವ ಕಾಮಿಕ್‌ನಲ್ಲಿ ದೇವರನ್ನು ತಂದರೆ ಯಾವ ಜೋಕು ಯಾರಿಗೆ ಚುಚ್ಚುತ್ತೋ ಹೇಳೋಕಾಗಲ್ಲ. ಸುಮ್ನೆ ಯಾಕೆ ರಗಳೆ ಅಂತ ದೂರ ಇಟ್ಟಿರಬೇಕು ಅಂತ ನನ್ನ ಊಹೆ.

ಇನ್ನು ಆ ಕಲಾವಿದ. ಹೆಸರು ಆಲ್ ಹಾರ್ಟ್ಲಿ. ಮೊದಲು ಹುಡುಗಿಯರಿಗಾಗಿ ಪ್ಯಾಟ್ಸಿ ವಾಕರ್ ಕಾಮಿಕ್ ಬರೆಯುತ್ತಿದ್ದ. ಗಂಡಸರ ಪತ್ರಿಕೆಗಳಿಗೆ ಸ್ವಲ್ಪ ಪೋಲಿ ಅನ್ನಿಸುವ ಚಿತ್ರಕಥೆಗಳನ್ನೂ ಬರೆದಿದ್ದ. 1967ರಲ್ಲಿ ಮನಸ್ಸು ಪೂರ್ತಿ ಕ್ರೈಸ್ತ ಭಕ್ತಿಯ ಕಡೆ ತಿರುಗಿತು, ಪೋಲಿ ಕೆಲಸ ಬಿಟ್ಟ. ಆರ್ಚಿಗೆ ಬರೆಯತೊಡಗಿದ ಮೇಲೆ ಮಾಮೂಲಿ ಕಥೆಗಳೊಳಗೇ ಮೆಲ್ಲಗೆ ಭಕ್ತಿ ತೂರಿಸಲು ನೋಡಿದ. ಜಾಸ್ತಿ ಆಯ್ತು, ಕಡಿಮೆ ಮಾಡು ಅಂತ ಕಂಪನಿ ಹೇಳಿತು. ಅಷ್ಟರಲ್ಲಿ ರೆವೆಲ್ ಅನ್ನೋ ಕ್ರೈಸ್ತ ಪ್ರಕಾಶನ ಸಂಸ್ಥೆ ಕಾಮಿಕ್ ಮಾಡಲು ಇವನನ್ನು ಕರೆಯಿತು. 1972ರಲ್ಲಿ ರೆವೆಲ್‌ನ ಕ್ರೈಸ್ತ ಕಾಮಿಕ್ ಮಾಲೆ ಸ್ಪೈರ್ ಶುರುವಾಯಿತು. ಆರ್ಚಿಯನ್ನು ಬಳಸಿಕೊಳ್ಳಲಾ ಅಂತ ಹಾರ್ಟ್ಲಿ ಕೇಳಿದಾಗ ಗೋಲ್ಡ್‌ವಾಟರ್ ಒಪ್ಪಿಬಿಟ್ಟರು. ತಮ್ಮ ಪುಸ್ತಕದಲ್ಲಿ ಬೇಡ ಅಂದಿದ್ದನ್ನು ಪಕ್ಕದ ಮನೆಯಲ್ಲಿ ಮಾಡಿಕೋ ಅಂದ ಹಾಗೆ! 1973ರಿಂದ ಶುರುವಾಗಿ ಇಂಥ 19 ಆರ್ಚಿ ಪುಸ್ತಕಗಳು ಬಂದವು. ಕ್ರಿಸ್‌ಮಸ್‌ಗೆಂದೇ ಬಂದದ್ದೂ ಅದರಲ್ಲಿದೆ.

ಹಾರ್ಟ್ಲಿಗೆ ಜೋಕು ಮರೆತುಹೋಗಿತ್ತು ಅಂದುಕೊಳ್ಳಬೇಡಿ. ಒಂದು ಪುಸ್ತಕದ ಹೆಸರು 'ಸನ್‌ಶೈನ್'. ಇಂಗ್ಲಿಷ್‌ನಲ್ಲಿ ಬಿಸಿಲು. ಆದರೆ ಸ್ಪೆಲಿಂಗ್‌ನಲ್ಲಿ 'ಯು' ತೆಗೆದು 'ಓ' ಹಾಕಿದ. ಸೂರ್ಯ ಹೋಗಿ ಮಗ ಬಂದ, ಅಂದರೆ ದೇವರ ಮಗ. ಒಂದೇ ಅಕ್ಷರದಲ್ಲಿ ಕೆಲಸ ಮುಗಿಸಿದ್ದಾನೆ.

ಈ ಜಾಣತನ ಒಳಪುಟಗಳಲ್ಲೂ ಎಲ್ಲ ಕಡೆ ಇದ್ದಿದ್ದರೆ ಚೆನ್ನಾಗಿರ್ತಿತ್ತು. ಎಡವುತ್ತಾ ತೊದಲುತ್ತಾ ಇದ್ದ ಹುಡುಗ ಇದ್ದಕ್ಕಿದ್ದ ಹಾಗೆ ಎಲ್ಲ ಗೊತ್ತಿರುವವನಂತೆ ಉಪದೇಶಕ್ಕೆ ನಿಂತರೆ ಅವನು ನಮ್ಮ ಆರ್ಚಿ ಅನ್ನಿಸಲ್ಲ, ಅಲ್ವಾ? ತೊಂದರೆ ಭಕ್ತಿಯದ್ದಲ್ಲ. ಆರ್ಚಿಗೆ ಉತ್ತರ ಗೊತ್ತಿರಬಾರದು, ಅಷ್ಟೇ. ಬೆಟ್ಟಿಯ ಬಾಯಲ್ಲಿ ಅದೇ ಮಾತು ಒಪ್ಪುತ್ತದೆ. ಅವಳು ಮೊದಲಿಂದಲೂ ಆ ಥರದವಳೇ.

ಅಂದ ಹಾಗೆ, ಮುಖಪುಟ ಹರಿದು ಹೋಗಿದ್ದರೆ ಕೊನೇ ಚೌಕ ನೋಡಿ. ಆರ್ಚಿ ಯಾರದೋ ಕೋಪಕ್ಕೆ ಸಿಕ್ಕಿ ಓಡುತ್ತಿದ್ದರೆ ಬಹುಶಃ ಮಾಮೂಲಿ ಪುಸ್ತಕ. ಎಲ್ಲರೂ ನಿಂತು ನಗುನಗುತ್ತಾ ನಿಮ್ಮ ಕಡೆಗೇ ನೋಡಿ ಮಾತಾಡುತ್ತಿದ್ದರೆ ಹಾರ್ಟ್ಲಿಯದ್ದು.