ನಡುಸಮುದ್ರದಲ್ಲಿ ಹಡಗಿನೊಳಗೆ ಬಚ್ಚಿಟ್ಟ ಯುರೇನಿಯಂ ಹುಡುಕೋದು ಯಾಕಿಷ್ಟು ಕಷ್ಟ?

ಮುಂಬೈನ ಕಡಲ ಸೇತುವೆ ಅಟಲ್ ಸೇತು ಮೇಲೆ ಶಿವ್ಡಿಯಿಂದ ಹೊರಟರೆ ಎಡಗಡೆ ಕೆಲವು ಕಿಲೋಮೀಟರ್ ತಡೆಗೋಡೆ ಸಿಗುತ್ತದೆ. ಟ್ರಾಂಬೆಯ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಯಾರ ಕಣ್ಣಿಗೂ ಬೀಳಬಾರದು ಅಂತ. ನಮ್ಮ ತಿಪಟೂರಿನ ರಾಜಾ ರಾಮಣ್ಣ ನಿರ್ದೇಶಕರಾಗಿದ್ದ ಜಾಗ ಅದು. ಸೇತುವೆ ದಾಟಿದರೆ ನ್ಹಾವಾ ಶೇವಾ, ಕಂಟೇನರ್‌ಗಳ ಬಂದರು. ಅಲ್ಲಿಗೆ ಬರುವ ಹಡಗಿನಲ್ಲಿ ಯಾರಾದರೂ ಬಾಂಬಿನ ಸರಕು ಬಚ್ಚಿಟ್ಟಿದ್ದರೆ ದಡ ಮುಟ್ಟುವ ಮೊದಲೇ ಗೊತ್ತಾಗುತ್ತಾ?

ಇದನ್ನು ನಿಜವಾದ ಸಿಡಿತಲೆ ಇಟ್ಟುಕೊಂಡೇ ಪರೀಕ್ಷಿಸಿದ್ದು 1989ರ ಜುಲೈನಲ್ಲಿ, ಯಾಲ್ಟಾ ಹತ್ತಿರ ಕಪ್ಪು ಸಮುದ್ರದಲ್ಲಿ. (ನ್ಹಾವಾ ಶೇವಾ ಶುರುವಾಗಿದ್ದೂ ಅದೇ ವರ್ಷ.) ಸೋವಿಯತ್ ಯುದ್ಧನೌಕೆ ಸ್ಲಾವಾದಲ್ಲಿ ಅಣು ಸಿಡಿತಲೆಯ ಕ್ಷಿಪಣಿ ಇತ್ತು. ಅಮೆರಿಕದ ವಿಜ್ಞಾನಿಗಳು ವಿಕಿರಣ ಪತ್ತೆಹಚ್ಚುವ ಜರ್ಮೇನಿಯಂ ಡಿಟೆಕ್ಟರನ್ನು ಕ್ಷಿಪಣಿಯ ಕೊಳವೆ ಮೇಲೇ ಇಟ್ಟರು, ಯುರೇನಿಯಂ, ಪ್ಲುಟೋನಿಯಂ ಎರಡೂ ಗುರುತು ಸಿಕ್ಕವು. ಸೋವಿಯತ್ತಿನವರು ಸಿಡಿತಲೆಯಿಂದ ಹೊಮ್ಮುವ ನ್ಯೂಟ್ರಾನ್ ಕಣಗಳನ್ನು ಹೆಲಿಕಾಪ್ಟರ್‌ನಿಂದ ಎಣಿಸಿದರು, ಅದೂ ಹತ್ತಾರು ಮೀಟರ್ ಹತ್ತಿರ ಹೋದ ಮೇಲೆ. ದೂರ ಎರಡು ಪಟ್ಟಾದರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತದೆ, ಉಳಿದದ್ದರಲ್ಲೂ ಗಾಳಿ ಒಂದಿಷ್ಟು ನುಂಗುತ್ತದೆ. ಹಡಗಿನೊಳಗಿನ ಯುರೇನಿಯಂ ಉಪಗ್ರಹಕ್ಕೆ ಕಾಣುತ್ತೆ ಅನ್ನೋದೆಲ್ಲ ಸುಮ್ನೆ ಮಾತು.

ಅಮೆರಿಕದ ಮೇಲೆ 2001ರ ದಾಳಿ ಆದ ಮೇಲೆ ಹುಡುಕಾಟ ಬಂದರಿನ ಗೇಟಿಗೆ ಬಂತು. ತನ್ನಲ್ಲಿಗೆ ಬರುವ ಪ್ರತಿ ಕಂಟೇನರನ್ನೂ ಹಡಗು ಹತ್ತಿಸುವ ಮೊದಲೇ ಸ್ಕ್ಯಾನ್ ಮಾಡಬೇಕು, 2012ರೊಳಗೆ, ಅಂತ ಅಮೆರಿಕ 2007ರಲ್ಲಿ ಕಾನೂನು ಮಾಡಿತು. ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಗೇಟಿನಲ್ಲಿ ಲಾರಿ ಕೆಲವೇ ಸೆಕೆಂಡಲ್ಲಿ ದಾಟುತ್ತದೆ. ಟೈಲ್ಸ್, ಗ್ರಾನೈಟ್, ಪೊಟ್ಯಾಷ್ ಗೊಬ್ಬರದಲ್ಲಿ ಸಹಜವಾಗೇ ಇರುವ ವಿಕಿರಣಕ್ಕೆಲ್ಲ ಅಲಾರಂ ಹೊಡೆಯುತ್ತದೆ. ಬಾಂಬಿಗೆ ಬೇಕಾದ ಯುರೇನಿಯಂ ಹೊಮ್ಮಿಸುವ ಮುಖ್ಯ ಗಾಮಾ ಕಿರಣವನ್ನೋ ತೆಳ್ಳಗಿನ ಸೀಸದ ಹಾಳೆಯೇ ತಡೆದುಬಿಡುತ್ತದೆ. ಪ್ಲುಟೋನಿಯಂ ನ್ಯೂಟ್ರಾನ್ ಬಿಡುವುದರಿಂದ ಅದನ್ನು ಹಿಡಿಯೋದು ಸ್ವಲ್ಪ ಸುಲಭ. ಆದರೆ ನ್ಯೂಟ್ರಾನ್ ಎಣಿಸಲು ಬೇಕಾದ ಹೀಲಿಯಂ-3 ಅನಿಲಕ್ಕೆ 2009ರ ಹೊತ್ತಿಗೆ ಬರ ಬಂತು, ಬೋರಾನ್, ಲಿಥಿಯಂ ಕಡೆ ತಿರುಗಬೇಕಾಯಿತು.

ಅಷ್ಟರಲ್ಲಿ ಸಿಕ್ಕಿಬಿದ್ದ ಸರಕುಗಳ ಕಥೆಯೇ ಬೇರೆ. 2003ರಲ್ಲಿ ಲಿಬಿಯಾಕ್ಕೆ ಹೊರಟಿದ್ದ ಸೆಂಟ್ರಿಫ್ಯೂಜ್ (ಯುರೇನಿಯಂ ಸಂವರ್ಧಿಸುವ ಯಂತ್ರ) ಬಿಡಿಭಾಗಗಳನ್ನು ಇಟಲಿಯ ತಾರಾಂತೊದಲ್ಲಿ ಇಳಿಸಿಕೊಂಡರು. 2024ರ ಜನವರಿಯಲ್ಲಿ ನಮ್ಮ ನ್ಹಾವಾ ಶೇವಾದಲ್ಲೇ ಕರಾಚಿಗೆ ಹೋಗುತ್ತಿದ್ದ ಸಿಎನ್‌ಸಿ ಯಂತ್ರ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವಂಥದ್ದು) ಸಿಕ್ಕಿತು. ಎರಡೂ ಸಿಕ್ಕಿದ್ದು ಮೊದಲೇ ಸುಳಿವು ಇದ್ದದ್ದರಿಂದ. ಅವು ವಿಕಿರಣ ಬಿಡುವ ಸರಕೇ ಅಲ್ಲ, ಅಲಾರಂ ಎಲ್ಲಿಂದ ಹೊಡೆಯಬೇಕು?

ನನ್ನ ಕೇಳಿದರೆ ಗೇಟಿಗಿಂತ ಸಮುದ್ರವೇ ವಾಸಿ. ಪ್ರಯಾಣ ದಿನಗಟ್ಟಲೆ ಇರುತ್ತದೆ, ಹಡಗಿನೊಳಗೇ ಡಿಟೆಕ್ಟರ್ ಇದ್ದರೆ ನಿಧಾನವಾಗಿ ಎಣಿಸುತ್ತಾ ಹೋಗಬಹುದು. ಮಣ್ಣು, ಕಲ್ಲಿನ ವಿಕಿರಣದ ಗದ್ದಲವೂ ಇಲ್ಲ. ಆದರೆ ಬಾಹ್ಯಾಕಾಶದ ಕಿರಣ ಹಡಗಿನ ಉಕ್ಕಿಗೆ ಬಡಿದು ಅಲ್ಲೇ ನ್ಯೂಟ್ರಾನ್ ಹುಟ್ಟುತ್ತವೆ, ಅದನ್ನು ಕಳೆದು ನೋಡಬೇಕು. ಉಪ್ಪುಗಾಳಿಗೆ ಯಂತ್ರ ತಡೆಯಬೇಕು. ಖರ್ಚು ಹಡಗಿನ ಮಾಲೀಕರದಾ, ಸರ್ಕಾರದ್ದಾ? ಕೊಲಂಬೊ ಬಿಟ್ಟು ಮುಂಬೈ ಕಡೆ ಬರುವಾಗ ನಡುದಾರಿಯಲ್ಲಿ ಅಲಾರಂ ಹೊಡೆದರೆ, ಹಡಗಿನ ಮೇಲೆ ಬೇರೆ ದೇಶದ ಬಾವುಟ ಇದ್ದರೆ, ಆ ದೇಶದ ಒಪ್ಪಿಗೆ ಇಲ್ಲದೆ ಹತ್ತೋಕೂ ಸುಲಭಕ್ಕೆ ಆಗಲ್ಲ.