ಏಳನೇ ತಿಂಗಳಲ್ಲಿ ಬರುವ ಹೊಸ ವರ್ಷ

ನಮ್ಮ ಯುಗಾದಿ ಚೈತ್ರದ ಮೊದಲ ದಿನ. ಅದರಲ್ಲೇನೂ ಗೊಂದಲವಿಲ್ಲ. ಯಹೂದಿಗಳ ಹೊಸ ವರ್ಷ ರೋಶ್ ಹಶಾನಾ ಮಾತ್ರ ಅವರ ಏಳನೇ ತಿಂಗಳಾದ ತಿಶ್ರಿಯ ಮೊದಲ ದಿನ ಬರುತ್ತದೆ. ಹೀಬ್ರೂವಿನಲ್ಲಿ ರೋಶ್ ಅಂದರೆ ತಲೆ. ವರ್ಷದ ತಲೆ ಸೊಂಟದ ಹತ್ತಿರ ಬಂದದ್ದು ಹೇಗೆ?

ಯಹೂದಿಗಳ ಧರ್ಮಗ್ರಂಥದ ಭಾಗವಾದ ವಿಮೋಚನಕಾಂಡದ ಪ್ರಕಾರ, ಈಜಿಪ್ಟಿನಿಂದ ಬಿಡುಗಡೆ ಸಿಕ್ಕ ವಸಂತದ ತಿಂಗಳೇ ಮೊದಲನೆಯದು. ಇವತ್ತಿನ ನಿಸಾನ್ ಅದು. ಏಳನೇ ತಿಂಗಳ ಮೊದಲ ದಿನ ಕೆಲಸ ಬಿಡಿ, ತುತ್ತೂರಿ ಮೊಳಗಿಸಿ ಎಂದಷ್ಟೇ ಅದೇ ಗ್ರಂಥದ ಇನ್ನೊಂದು ಭಾಗವಾದ ಯಾಜಕಕಾಂಡ ಹೇಳುತ್ತದೆ. ಹೊಸ ವರ್ಷದ ಸುದ್ದಿಯೇ ಅಲ್ಲಿಲ್ಲ. ಆದರೆ ರೈತನ ಲೆಕ್ಕ ಬೇರೆ ಇತ್ತು. ಆ ಸೀಮೆಯಲ್ಲಿ ಬೇಸಿಗೆಯ ಬೆಳೆ ಮನೆ ಸೇರಿ, ಮಳೆಗೆ ಕಾಯುವ ಕಾಲ ಈ ತಿಶ್ರಿ. ಸುಗ್ಗಿಯ ಹಬ್ಬವನ್ನು 'ವರ್ಷ ಮುಗಿಯುವಾಗ' ಮಾಡಿ ಅಂತ ಅದೇ ವಿಮೋಚನಕಾಂಡದ ಇನ್ನೊಂದು ಕಡೆ ಇದೆ!

ಕ್ರಿ.ಪೂ. 6ನೇ ಶತಮಾನದಲ್ಲಿ ಬಹಳಷ್ಟು ಯಹೂದಿಗಳು ಸೆರೆಯಾಗಿ ಬ್ಯಾಬಿಲೋನಿಗೆ ಹೋದರು. ತಿಂಗಳುಗಳ ಈಗಿನ ಹೆಸರು ಅಲ್ಲಿಂದ ಬಂದವು. ತಿಶ್ರಿಯ ಮೂಲ ಹೆಸರಿಗೆ 'ಆರಂಭ' ಎಂದೇ ಅರ್ಥ.

ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯಹೂದಿ ಧರ್ಮನಿಯಮಗಳ ಸಂಗ್ರಹ ಮಿಶ್ನಾ ಈ ಜಗಳ ಬಗೆಹರಿಸಿದ ರೀತಿ ನನಗೆ ತುಂಬಾ ಇಷ್ಟ. ಒಂದಲ್ಲ, ನಾಲ್ಕು ಹೊಸ ವರ್ಷ ಇಟ್ಟುಕೊಳ್ಳಿ ಎಂದಿತು ಅದು. ರಾಜರ ಆಳ್ವಿಕೆಗೆ ಮತ್ತು ಹಬ್ಬಗಳ ಸಾಲಿಗೆ ನಿಸಾನ್. ಜಾನುವಾರಿನ ದಶಮಾಂಶಕ್ಕೆ ಎಲುಲ್. ವರ್ಷಗಳ ಎಣಿಕೆಗೆ ತಿಶ್ರಿ. ಮರಗಳಿಗೆ ಶೆವಾತ್. ನಮಗೂ ತೆರಿಗೆಗೆ ಏಪ್ರಿಲ್, ಕ್ಯಾಲೆಂಡರಿಗೆ ಜನವರಿ, ಬೇವುಬೆಲ್ಲಕ್ಕೆ ಚೈತ್ರ, ಅಲ್ವಾ?

ಮೊದಲೆಲ್ಲ ಚಂದ್ರನನ್ನು ಕಣ್ಣಾರೆ ಕಂಡವರು ಬಂದು ಸಾಕ್ಷಿ ಹೇಳಿದ ಮೇಲೆಯೇ ತಿಂಗಳು ಶುರು. ಸುದ್ದಿ ಮುಟ್ಟಿಸಲು ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹಚ್ಚುತ್ತಿದ್ದರು. ಯಹೂದಿಗಳ ಜೊತೆ ಜಗಳವಿದ್ದ ನೆರೆಯ ಪಂಗಡದ ಸಮಾರ್ಯರು ಸುಳ್ಳು ಬೆಂಕಿ ಹಚ್ಚಿ ದಾರಿ ತಪ್ಪಿಸಿದರಂತೆ. ಆಮೇಲೆ ಓಲೆಕಾರರನ್ನು ಕಳಿಸಬೇಕಾಯಿತು. ಕೊನೆಗೆ ಲೆಕ್ಕದ ಪಂಚಾಂಗ ಬಂತು. 19 ವರ್ಷಕ್ಕೆ 7 ಅಧಿಕ ಮಾಸ. ನಮ್ಮ ಅಧಿಕ ಮಾಸದ ಉಪಾಯವೇ. ಹಾಗಾಗಿಯೇ 2024 ಮತ್ತು 2025ರಲ್ಲಿ ಈ ಹಬ್ಬವೂ ನವರಾತ್ರಿಯೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಭಾನುವಾರ, ಬುಧವಾರ, ಶುಕ್ರವಾರ ಮಾತ್ರ ರೋಶ್ ಹಶಾನಾ ಬೀಳದ ಹಾಗೆ ಲೆಕ್ಕ ಸರಿಸುತ್ತಾರೆ. ಬುಧವಾರವೋ ಶುಕ್ರವಾರವೋ ಬಂದರೆ, ಹತ್ತನೇ ದಿನದ ಯೋಮ್ ಕಿಪ್ಪುರ್ ಉಪವಾಸ ಶನಿವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದೆಯೋ ಮುಂದೆಯೋ ಅಂಟಿಕೊಳ್ಳುತ್ತದೆ. ಆಗ ಎರಡು ದಿನ ಸತತವಾಗಿ ಒಲೆಯನ್ನೇ ಹಚ್ಚುವಂತಿಲ್ಲ.

ಟಗರಿನ ಕೊಂಬಿನ ಶೋಫಾರ್ ಊದುವುದು, ಜೇನಿನಲ್ಲಿ ಅದ್ದಿದ ಸೇಬು, ಗುಂಡಗಿನ ಬ್ರೆಡ್ಡು: ಇವು ಎಲ್ಲರಿಗೂ ಗೊತ್ತಿರುವ ಆಚರಣೆ. ಹಬ್ಬ ಎರಡು ದಿನ. ಸಾಕ್ಷಿ ಯಾವಾಗ ಬರುತ್ತಾನೋ ಗೊತ್ತಿಲ್ಲದ ಕಾಲದ ಗುರುತು ಅದು. ಬೇರೆ ಹಬ್ಬಗಳಿಗೆ ಹೊರದೇಶದ ಯಹೂದಿಗಳು ಸೇರಿಸುವ ಎರಡನೇ ದಿನವನ್ನು ಇಸ್ರೇಲಿನವರು ಆಚರಿಸುವುದಿಲ್ಲ, ಇದರಲ್ಲಿ ಮಾತ್ರ ಆಚರಿಸುತ್ತಾರೆ. ಎರಡೂ ಸೇರಿ ಒಂದೇ ಉದ್ದನೆಯ ದಿನ ಎಂದರು ಪಂಡಿತರು. ಹಾಗಿದ್ದರೆ 'ಈ ಹೊತ್ತಿಗೆ ನಮ್ಮನ್ನು ತಲುಪಿಸಿದೆ' ಎಂಬ ಸ್ತುತಿಯನ್ನು ಎರಡನೇ ರಾತ್ರಿ ಮತ್ತೆ ಹೇಳಬಹುದೇ? ಅನುಮಾನ ಬಂತು. ಅದಕ್ಕೇ ಆ ರಾತ್ರಿ ಊಟದ ಮೇಜಿನ ಮೇಲೆ ಆ ಸೀಸನ್ನಿನಲ್ಲಿ ಇನ್ನೂ ತಿಂದಿರದ ಹಣ್ಣೊಂದನ್ನು ಇಡುತ್ತಾರೆ. ದಿನ ಹೊಸದಲ್ಲದಿದ್ದರೆ ಹಣ್ಣಾದರೂ ಹೊಸದು. ಜಾಸ್ತಿ ಮನೆಗಳಲ್ಲಿ ಅದು ದಾಳಿಂಬೆ.